ಕಂಡದ್ದು ಅಳತೆಯಾಗಬೇಕಾದರೆ

ಕೋಗಿಲು ಕ್ರಾಸಿನಲ್ಲಿ ಬಳ್ಳಾರಿ ರಸ್ತೆಗೆ ಬಂದು ನಗರದ ಕಡೆ ತಿರುಗಿದರೆ ಮೊದಲು ಸಿಗುವುದು ಜಕ್ಕೂರು. ಅಲ್ಲಿ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವಿದೆ. ಮುಂದೆ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣ, ಅದರೊಳಗೆ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಮತ್ತು ಕಾಂಡಕೋಶಗಳ ಅಧ್ಯಯನಕ್ಕೆಂದು ಹುಟ್ಟಿದ ಇನ್‌ಸ್ಟೆಮ್. ಹೆಬ್ಬಾಳ ದಾಟಿದ ಮೇಲೆ ಭಾರತೀಯ ವಿಜ್ಞಾನ ಸಂಸ್ಥೆ. ಅದೇ ಕ್ರಾಸಿನಿಂದ ಬಡಗಲಿಗೆ ಹೊರಟರೆ ದೇವನಹಳ್ಳಿ, ವಿಜಯಪುರ, ಶಿಡ್ಲಘಟ್ಟ; ಅದು ರೇಷ್ಮೆಗೂಡಿನ ಸೀಮೆ. ಆ ಗೂಡಿನ ಎಳೆಯಲ್ಲಿರುವ ಫೈಬ್ರೊಯಿನ್ ಎಂಬ ಪ್ರೋಟೀನನ್ನು ಕರಗಿಸಿ, ಮೂಳೆಗೂ ಚರ್ಮಕ್ಕೂ ಮೃದ್ವಸ್ಥಿಗೂ ಆಸರೆಯಾಗಬಲ್ಲ ಸ್ಪಂಜಿನಂಥ ರಚನೆಗಳನ್ನು ಮಾಡುವ ಪ್ರಯತ್ನ ಜಗತ್ತಿನ ಹಲವಾರು ಪ್ರಯೋಗಾಲಯಗಳಲ್ಲಿ ನಡೆಯುತ್ತಿದೆ. ಕಚ್ಚಾ ವಸ್ತು ರಸ್ತೆಯ ಒಂದು ಬದಿಗೆ, ಪ್ರಯೋಗಾಲಯ ಇನ್ನೊಂದು ಬದಿಗೆ ಇರುವ ಈ ಭಾಗದ ಜನ ಆ ವಿಜ್ಞಾನಕ್ಕೆ ಒಂದು ಪ್ರಶ್ನೆ ಹಾಕಬೇಕು: ದೇಹದೊಳಗೆ ಇಡಬೇಕೆಂದಿರುವ ಈ ರಚನೆಯ ಒಳಗು ಹೀಗೇ ಇದೆ ಎಂದು ನಿಮಗೆ ಹೇಗೆ ಗೊತ್ತು?

ಸಾಮಾನ್ಯವಾಗಿ ಸಿಗುವ ಉತ್ತರ ಒಂದು ಚಿತ್ರ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ತೆಗೆದ, ನೋಡಲು ಬಹಳ ಚೆನ್ನಾಗಿರುವ, ತೂತುಗಳಿಂದ ತುಂಬಿದ ಕಪ್ಪುಬಿಳುಪು ಚಿತ್ರ. ಅದರ ಜೊತೆಗೆ ಒಂದು ಸಂಖ್ಯೆ: ಶೇಕಡಾ ಇಷ್ಟು ಖಾಲಿ ಜಾಗ, ರಂಧ್ರದ ಸರಾಸರಿ ಅಗಲ ಇಷ್ಟು ಮೈಕ್ರಾನ್. ಚಿತ್ರವನ್ನು ನೋಡಿದವರಿಗೆ ಸಂಖ್ಯೆಯ ಮೇಲೂ ನಂಬಿಕೆ ಬರುತ್ತದೆ. ನನ್ನ ವಾದವಿಷ್ಟು: ಚಿತ್ರ ತಾನಾಗಿ ಅಳತೆಯಲ್ಲ. ವಸ್ತು ಯಾವ ಸ್ಥಿತಿಯಲ್ಲಿದ್ದಾಗ ಚಿತ್ರ ತೆಗೆದರು, ಚಿತ್ರವನ್ನು ಸಂಖ್ಯೆಯಾಗಿಸುವಾಗ ಎಲ್ಲೆಲ್ಲಿ ಏನೇನು ತೀರ್ಮಾನಿಸಿದರು ಎಂಬುದೆಲ್ಲ ಬಯಲಿಗೆ ಬಂದಾಗ ಮಾತ್ರ ಅದು ಅಳತೆಯಾಗುತ್ತದೆ. ಸಾರ್ವಜನಿಕ ಹಣದಲ್ಲಿ ನಡೆಯುವ ಸಂಶೋಧನೆಯಲ್ಲಿ ಇದು ಕಡ್ಡಾಯವಾಗಬೇಕು.

ಮೊದಲು ವಸ್ತುವಿನ ವಿಚಾರ. ರಾಬರ್ಟ್ ಲ್ಯಾಂಗರ್ ಮತ್ತು ಜೋಸೆಫ್ ವಕಾಂಟಿ 1993ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದ ಲೇಖನದೊಂದಿಗೆ ಅಂಗಾಂಶ ಎಂಜಿನಿಯರಿಂಗ್ ಎಂಬ ಕ್ಷೇತ್ರಕ್ಕೆ ಸ್ಪಷ್ಟ ರೂಪ ಬಂತು. ಹಾಳಾದ ಅಂಗಾಂಶದ ಜಾಗದಲ್ಲಿ ತಾತ್ಕಾಲಿಕವಾದ ಆಸರೆಯೊಂದನ್ನು ಇಟ್ಟು, ಅದರ ಮೇಲೆ ಜೀವಕೋಶಗಳನ್ನು ಬೆಳೆಸುವುದು ಇದರ ತಿರುಳು. ಸ್ಕ್ಯಾಫೋಲ್ಡ್ ಎಂದು ಕರೆಯುವ ಈ ಆಸರೆ, ಗೋಡೆ ಏಳುವಾಗ ಕಟ್ಟುವ ಸಾರುವೆಯ ಕೆಲಸ ಮಾಡುತ್ತದೆ. ಒಂದು ವ್ಯತ್ಯಾಸವಿದೆ. ಕಟ್ಟಡದ ಸಾರುವೆಯನ್ನು ಬಿಚ್ಚಿ ಒಯ್ಯುತ್ತಾರೆ, ದೇಹದೊಳಗಿನ ಸಾರುವೆ ಹೊಸ ಅಂಗಾಂಶ ಬಲಿತಂತೆ ತಾನೇ ಕರಗಿ ಜಾಗ ಬಿಡಬೇಕು.

ಈ ಸಾರುವೆಯ ಯೋಗ್ಯತೆ ಬಹುಮಟ್ಟಿಗೆ ಅದರ ಖಾಲಿ ಜಾಗದಲ್ಲಿದೆ. ಜೀವಂತ ಅಂಗಾಂಶದಲ್ಲಿ ಹೆಚ್ಚಿನ ಕೋಶಗಳು ಒಂದಲ್ಲ ಒಂದು ಲೋಮನಾಳದಿಂದ 100–200 ಮೈಕ್ರಾನ್ ಅಂತರದಲ್ಲೇ ಇರುತ್ತವೆ. ಆಮ್ಲಜನಕ ತಾನಾಗಿ ಹರಡಿಕೊಂಡು ಅದಕ್ಕಿಂತ ದೂರಕ್ಕೆ ಸಾಕಷ್ಟು ತಲುಪುವುದಿಲ್ಲ. ಹಾಗಾಗಿ ಸಾರುವೆಯ ಒಳಗೆ ರಕ್ತನಾಳ ನುಗ್ಗಲು ದಾರಿ ಬೇಕು. ಮೂಳೆಯ ಮಟ್ಟಿಗೆ ರಂಧ್ರದ ಅಗಲ ಕನಿಷ್ಠ 100 ಮೈಕ್ರಾನ್ ಇರಬೇಕು, 300 ಮೈಕ್ರಾನ್ ದಾಟಿದರೆ ಒಳ್ಳೆಯದು ಎಂಬುದು 2005ರಲ್ಲಿ ಕಾರಜಾರ್ಜಿಯು ಮತ್ತು ಕಪ್ಲನ್ ಮಾಡಿದ ಸಮೀಕ್ಷೆಯ ಸಾರ. ಆದರೆ ರಂಧ್ರ ದೊಡ್ಡದಿದ್ದರಷ್ಟೇ ಸಾಲದು. ಒಂದು ರಂಧ್ರದಿಂದ ಇನ್ನೊಂದಕ್ಕೆ ದಾಟುವ ಕಂಡಿ ಕಿರಿದಾಗಿದ್ದರೆ, ಅಥವಾ ಮುಚ್ಚಿಯೇ ಹೋಗಿದ್ದರೆ, ಒಳಗಿನ ರಂಧ್ರಗಳೆಲ್ಲ ಲೆಕ್ಕಕ್ಕುಂಟು, ಆಟಕ್ಕಿಲ್ಲ. ಕೋಶಗಳು ಹೊರಮೈಯಲ್ಲಿ ಸೊಂಪಾಗಿ ಬೆಳೆದು, ನಡುಭಾಗ ಖಾಲಿಯಾಗಿ ಅಥವಾ ಸತ್ತ ಕೋಶಗಳಿಂದ ತುಂಬಿ ಉಳಿಯುತ್ತದೆ. ಗೋಡೆ ತೆಳುವಾಗಿದ್ದರೆ ಭಾರಕ್ಕೆ ಕುಸಿಯುತ್ತದೆ, ದಪ್ಪವಾಗಿದ್ದರೆ ಕರಗುವುದಕ್ಕೆ ತಡವಾಗುತ್ತದೆ. ರೋಗಿಗೆ ಮುಖ್ಯವಾದದ್ದೆಲ್ಲ ಕಣ್ಣಿಗೆ ಕಾಣದ ಒಳಭಾಗದಲ್ಲೇ ಇದೆ. ಆದ್ದರಿಂದ ಚಿತ್ರಣ ಇಲ್ಲಿ ಅಲಂಕಾರವಲ್ಲ, ಪರೀಕ್ಷೆ.

ಆ ಪರೀಕ್ಷೆ ಎಲ್ಲಿ ದಾರಿ ತಪ್ಪಬಹುದು? ಸ್ಕ್ಯಾನಿಂಗ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವನ್ನೇ ಮೊದಲು ನೋಡೋಣ. ಅದರ ಸಾಮಾನ್ಯ ಮಾದರಿ ಕೆಲಸ ಮಾಡುವುದು ನಿರ್ವಾತದಲ್ಲಿ. ಅದರೊಳಗೆ ಇಡುವ ವಸ್ತು ಒಣಗಿರಬೇಕು, ವಿದ್ಯುತ್ ಹರಿಯದ ವಸ್ತುವಾದರೆ ಚಿನ್ನದಂಥ ಲೋಹದ ತೆಳು ಲೇಪವೂ ಬೇಕು. ಸೆರಾಮಿಕ್ಕಿಗೆ, ಟೈಟೇನಿಯಮ್ಮಿಗೆ ಇದರಿಂದ ತೊಂದರೆಯಿಲ್ಲ. ಆದರೆ ಕೊಲ್ಯಾಜೆನ್, ಜೆಲಟಿನ್, ರೇಷ್ಮೆಯ ಪ್ರೋಟೀನು ಮುಂತಾದವುಗಳಿಂದ ಮಾಡಿದ ಮೆತ್ತನೆಯ ಜೆಲ್‌ಗಳ ಬಹುಪಾಲು ನೀರೇ. ಅವನ್ನು ಒಣಗಿಸಿದರೆ ಕುಗ್ಗುತ್ತವೆ. ಹೆಪ್ಪುಗಟ್ಟಿಸಿ ಒಣಗಿಸಿದರೆ ಒಳಗೆ ಬೆಳೆದ ಮಂಜುಗಡ್ಡೆಯ ಹರಳುಗಳು ಆವಿಯಾಗಿ ಹೋಗಿ, ಅವು ಇದ್ದ ಜಾಗ ಚೆಂದದ ರಂಧ್ರಗಳಾಗಿ ಉಳಿಯುತ್ತದೆ. ಹೆಪ್ಪುಗಟ್ಟಿಸಿ ಒಣಗಿಸುವ ವಿಧಾನದಿಂದಲೇ ತಯಾರಿಸಿದ ಸ್ಪಂಜಿನಲ್ಲಿ ಆ ರಂಧ್ರಗಳು ಉದ್ದೇಶಪೂರ್ವಕವಾದವು, ನಿಜವಾದವು. ದೇಹದೊಳಗೆ ಒದ್ದೆಯಾಗಿಯೇ ಹೋಗಬೇಕಾದ ಜೆಲ್‌ನ ಚಿತ್ರದಲ್ಲಿ ಅದೇ ರಂಧ್ರಗಳು ಕಂಡರೆ, ಅವು ಜೆಲ್‌ನ ಗುಣವಲ್ಲ, ಅದನ್ನು ಒಣಗಿಸಿದ ರೀತಿಯ ಗುರುತು. ಎರಡು ಚಿತ್ರಗಳೂ ಪುಟದ ಮೇಲೆ ಒಂದೇ ಥರ ಕಾಣುತ್ತವೆ. ಒಂದು ವಸ್ತುವಿನ ಬಗ್ಗೆ ಹೇಳುತ್ತದೆ, ಇನ್ನೊಂದು ಹೇಳುವುದಿಲ್ಲ. ತಯಾರಿಯ ವಿವರ ತಿಳಿಯದ ಓದುಗನಿಗೆ ಎರಡನ್ನೂ ಬೇರ್ಪಡಿಸುವ ದಾರಿಯೇ ಇಲ್ಲ.

ಎಲೆಕ್ಟ್ರಾನ್ ಚಿತ್ರ ತೋರಿಸುವುದು ಮೇಲ್ಮೈಯನ್ನು, ಇಲ್ಲವೇ ಕತ್ತರಿಸಿದ ಒಂದು ಸೀಳನ್ನು. ಒಂದು ಸೀಳಿನಲ್ಲಿ ಕಂಡ ವೃತ್ತದ ಅಗಲ ಆ ರಂಧ್ರದ ನಿಜವಾದ ಅಗಲವಾಗಿರಬೇಕಿಲ್ಲ. ಕತ್ತಿ ರಂಧ್ರದ ನಡುವೆ ಹಾಯ್ದಿತೋ ಅಂಚಿನಲ್ಲಿ ಹಾಯ್ದಿತೋ ಯಾರಿಗೆ ಗೊತ್ತು? ಒಂದು ರಂಧ್ರಕ್ಕೂ ಅದರ ಹಿಂದಿನ ರಂಧ್ರಕ್ಕೂ ದಾರಿಯಿದೆಯೇ ಎಂಬ ಮುಖ್ಯ ಪ್ರಶ್ನೆಗೂ ಸೀಳು ಉತ್ತರಿಸಲಾರದು. ಪಾದರಸವನ್ನು ಒತ್ತಡದಿಂದ ನುಗ್ಗಿಸಿ ರಂಧ್ರ ಅಳೆಯುವ ಹಳೆಯ ವಿಧಾನವೊಂದಿದೆ. ಅದು ಹೇಳುವುದು ರಂಧ್ರದ ಅಗಲವನ್ನಲ್ಲ, ಒಳಹೋಗುವ ಕಂಡಿಯ ಅಗಲವನ್ನು. ಮೆತ್ತನೆಯ ವಸ್ತುವಾದರೆ ಆ ಒತ್ತಡಕ್ಕೇ ಅದುಮಿಹೋಗುತ್ತದೆ. ಹಾಗಾಗಿ ಮೂರು ಆಯಾಮದ ಚಿತ್ರಣ ಬೇಕೇ ಬೇಕು.

ಮೂರು ಆಯಾಮದ ಚಿತ್ರಣ ಎಂದ ಕೂಡಲೇ ಬೆಂಗಳೂರಿನ ಚರಿತ್ರೆಯ ದೊಡ್ಡ ಹೆಸರೊಂದನ್ನು ನೆನೆಯಬೇಕಾಗುತ್ತದೆ. ಜಿ. ಎನ್. ರಾಮಚಂದ್ರನ್ ಮದ್ರಾಸಿನಲ್ಲಿದ್ದಾಗ ಗೋಪಿನಾಥ್ ಕರ್ತಾ ಅವರೊಡನೆ 1954 ಮತ್ತು 1955ರಲ್ಲಿ ‘ನೇಚರ್’ ಪತ್ರಿಕೆಯ ಮೂಲಕ ಕೊಲ್ಯಾಜೆನ್ನಿನ ಮೂರೆಳೆಯ ಹುರಿಯ ರಚನೆಯನ್ನು ಮುಂದಿಟ್ಟರು. ಇಂದು ಸಾರುವೆಗಳಿಗೆ ಬಳಸುವ ಪ್ರಮುಖ ಪ್ರೋಟೀನು ಅದೇ. ಆಮೇಲೆ ಅವರು ಬೆಂಗಳೂರಿಗೆ ಬಂದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮಾಲಿಕ್ಯುಲರ್ ಬಯೊಫಿಸಿಕ್ಸ್ ಘಟಕ ಕಟ್ಟಿದರು. 1971ರಲ್ಲಿ ಎ. ವಿ. ಲಕ್ಷ್ಮೀನಾರಾಯಣನ್ ಅವರೊಂದಿಗೆ ಬರೆದ ಲೇಖನದಲ್ಲಿ, ಬೇರೆ ಬೇರೆ ಕೋನಗಳಿಂದ ತೆಗೆದ ಎಕ್ಸ್-ರೇ ನೆರಳುಗಳಿಂದ ವಸ್ತುವಿನ ಒಳಗನ್ನು ಮರುಕಟ್ಟುವ, ಆ ಕಾಲದ ಕಂಪ್ಯೂಟರಿಗೂ ಹಗುರವಾದ ಒಂದು ಗಣಿತದ ದಾರಿಯನ್ನು ತೋರಿಸಿದರು. ರೇಡಿಯೊ ಖಗೋಳಶಾಸ್ತ್ರದಲ್ಲಿ ಬ್ರೇಸ್‌ವೆಲ್ ಮತ್ತು ರಿಡಲ್ 1967ರಲ್ಲಿ ಇಂಥದೇ ವಿಧಾನಕ್ಕೆ ತಲುಪಿದ್ದರು. ಆದರೂ ಟೊಮೊಗ್ರಫಿಯ ತಂತ್ರಾಂಶಗಳಲ್ಲಿ ಇಂದಿಗೂ ‘ರಾಮ್-ಲ್ಯಾಕ್’ ಎಂಬ ಹೆಸರಿನ ಶೋಧಕ ಇರುವುದು ಈ ಇಬ್ಬರಿಂದಾಗಿ. 1984ರಲ್ಲಿ ಫೋರ್ಡ್ ಮೋಟಾರ್ ಕಂಪನಿಯ ಸಂಶೋಧಕ ಲೀ ಫೆಲ್ಡ್‌ಕಾಂಪ್ ಮತ್ತು ಸಂಗಡಿಗರು ಅದೇ ಬಗೆಯ ಲೆಕ್ಕವನ್ನು ಶಂಕುವಿನಾಕಾರದ ಎಕ್ಸ್-ರೇ ಕಿರಣಕ್ಕೆ ಒಗ್ಗಿಸಿದರು. ಯಂತ್ರದ ಸೆರಾಮಿಕ್ ಬಿಡಿಭಾಗಗಳ ಒಳಬಿರುಕು ಹುಡುಕಲು ಹುಟ್ಟಿದ ಆ ಸಲಕರಣೆ 1989ರಲ್ಲಿ ಮೂಳೆಯ ಒಳರಚನೆಯನ್ನು ತೋರಿಸಿತು. ಇಂದಿನ ಮೈಕ್ರೊ-ಸಿಟಿ ಯಂತ್ರಗಳು ಈ ಪರಂಪರೆಯವು.

ಮೈಕ್ರೊ-ಸಿಟಿ ಕೊಡುವುದು ವಸ್ತುವಿನ ಪೂರ್ತಿ ಒಡಲನ್ನು, ಕೆಲವೇ ಮೈಕ್ರಾನ್ ಅಗಲದ ಸಣ್ಣ ಘನಗಳಾಗಿ. ವಾಕ್ಸೆಲ್ ಎನ್ನುವ ಈ ಒಂದೊಂದು ಘನಕ್ಕೂ ಕಪ್ಪಿನಿಂದ ಬಿಳಿಯವರೆಗಿನ ಒಂದು ಛಾಯೆ ಇರುತ್ತದೆ. ಗೋಡೆ ಮತ್ತು ಖಾಲಿ ಜಾಗ ಎಂಬ ಎರಡೇ ಗುಂಪುಗಳಾಗಿ ಅವನ್ನು ವಿಂಗಡಿಸುವುದು ಮುಂದಿನ ಹೆಜ್ಜೆ. ಈ ಛಾಯೆಗಿಂತ ಬಿಳಿಯಾದದ್ದೆಲ್ಲ ಗೋಡೆ ಎಂದು ಒಂದು ಗಡಿ ಹಾಕಬೇಕು. ಜಪಾನಿನ ನೊಬುಯುಕಿ ಓತ್ಸು 1979ರಲ್ಲಿ ಕೊಟ್ಟ ಸೂತ್ರ ಆ ಗಡಿಯನ್ನು ಲೆಕ್ಕದಿಂದಲೇ ಹುಡುಕುತ್ತದೆ. ಬೇರೆ ಸೂತ್ರಗಳು ಬೇರೆ ಗಡಿ ಕೊಡುತ್ತವೆ. ಕೈಯಾರೆ ಹಾಕುವವರೂ ಇದ್ದಾರೆ.

ಈ ಒಂದು ತೀರ್ಮಾನದ ತೂಕ ಎಷ್ಟೆಂದು ಸರಳವಾದ ಲೆಕ್ಕದಿಂದಲೇ ತಿಳಿಯುತ್ತದೆ. 50 ಮೈಕ್ರಾನ್ ದಪ್ಪದ ಗೋಡೆಗಳು, ನಡುವೆ 200 ಮೈಕ್ರಾನಿನ ಸಂದು ಇರುವ ಒಂದು ರಚನೆಯನ್ನು ಊಹಿಸಿಕೊಳ್ಳಿ. ಖಾಲಿ ಜಾಗ ಶೇ. 80. ಇದನ್ನು 10 ಮೈಕ್ರಾನಿನ ವಾಕ್ಸೆಲ್‌ಗಳಲ್ಲಿ ಚಿತ್ರಿಸಿದಾಗ, ಗಡಿಯ ಆಯ್ಕೆಯಿಂದ ಗೋಡೆಯ ಅಂಚು ಎರಡೂ ಬದಿಗೆ ಒಂದೊಂದು ವಾಕ್ಸೆಲ್ ಸರಿಯಿತು ಎನ್ನಿ. ಹೊರಕ್ಕೆ ಸರಿದರೆ ಗೋಡೆ 70 ಮೈಕ್ರಾನ್, ಖಾಲಿ ಜಾಗ ಶೇ. 72. ಒಳಕ್ಕೆ ಸರಿದರೆ ಗೋಡೆ 30 ಮೈಕ್ರಾನ್, ಖಾಲಿ ಜಾಗ ಶೇ. 88. ಬಾಗುವ ತಟ್ಟೆಯ ಬಿಗಿತ ಅದರ ದಪ್ಪದ ಘನಕ್ಕೆ ಅನುಗುಣವಾಗಿರುವುದರಿಂದ, ಈ ಎರಡು ಗೋಡೆಗಳ ಬಿಗಿತದಲ್ಲಿ ಹನ್ನೆರಡು ಪಟ್ಟಿಗೂ ಹೆಚ್ಚಿನ ವ್ಯತ್ಯಾಸ ಬರುತ್ತದೆ. ವಸ್ತು ಅದೇ, ಸ್ಕ್ಯಾನ್ ಅದೇ. ಬದಲಾದದ್ದು ಪರದೆಯ ಮುಂದೆ ಕುಳಿತವರ ಒಂದು ಆಯ್ಕೆ. ಇದರಲ್ಲಿ ಮೋಸವಿಲ್ಲ, ಯಾವುದಾದರೊಂದು ಗಡಿ ಹಾಕಲೇಬೇಕು. ಆದರೆ ಹಾಕಿದ ಗಡಿ ಯಾವುದೆಂದು ಹೇಳದೆ ಶೇ. 80 ಎಂದು ಮಾತ್ರ ಬರೆದರೆ ಆ ಸಂಖ್ಯೆಗೆ ಬೆಲೆಯಿಲ್ಲ. ಗಡಿಯನ್ನು ಆಚೆಈಚೆ ಸರಿಸಿದಾಗ ಉತ್ತರ ಎಷ್ಟು ಅಲುಗುತ್ತದೆ ಎಂಬುದೂ ಉತ್ತರದ ಭಾಗವೇ.

ಗಡಿಗಿಂತ ಮೊದಲೂ ತೀರ್ಮಾನಗಳಿವೆ. ಮರುಕಟ್ಟುವಾಗ ಯಾವ ಶೋಧಕ ಬಳಸಿದರು? ರಾಮ್-ಲ್ಯಾಕ್ ಅಂಚನ್ನು ಚೂಪಾಗಿಸುತ್ತದೆ, ಜೊತೆಗೆ ಚಿತ್ರದ ಗದ್ದಲವನ್ನೂ ಹೆಚ್ಚಿಸುತ್ತದೆ. ಗದ್ದಲ ತಗ್ಗಿಸುವ ಶೋಧಕಗಳು ಅಂಚನ್ನು ಮಸುಕುಗೊಳಿಸುತ್ತವೆ. ವಸ್ತುವಿನ ಪರಮಾಣುಗಳು ಎಷ್ಟು ಭಾರದವು? ಮೂಳೆಯ ಖನಿಜದಲ್ಲಿರುವ ಕ್ಯಾಲ್ಸಿಯಂ ಎಕ್ಸ್-ರೇಯನ್ನು ಚೆನ್ನಾಗಿ ಹೀರುತ್ತದೆ, ಹಾಗಾಗಿ ಅಂಥ ಸೆರಾಮಿಕ್ ಸಾರುವೆ ಸ್ಪಷ್ಟವಾಗಿ ಮೂಡುತ್ತದೆ. ರೇಷ್ಮೆ, ಕೊಲ್ಯಾಜೆನ್ ಹಗುರ ಪರಮಾಣುಗಳಿಂದಾದವು. ನೀರಿನಲ್ಲಿ ನೆನೆದಿರುವಾಗ ಅವು ನೀರಿನಿಂದ ಬೇರೆಯಾಗಿ ಕಾಣುವುದೇ ಕಷ್ಟ. ಅದಕ್ಕಾಗಿ ಒಣಗಿಸಿ ಸ್ಕ್ಯಾನ್ ಮಾಡಿದರೆ ಮೊದಲಿನ ತೊಡಕೇ ಮರಳಿ ಬರುತ್ತದೆ. ಅಯೋಡಿನ್ನಿನಂಥ ಬಣ್ಣಕಟ್ಟುಗಳನ್ನು ಹಾಕಿದರೆ ಕಾಣುತ್ತದೆ, ಆದರೆ ಮೆತ್ತನೆಯ ವಸ್ತು ಅದಕ್ಕೂ ಕುಗ್ಗಬಹುದು.

ದಾರಿಗಳಿಲ್ಲದಿಲ್ಲ. ಹೀರಿಕೆಯನ್ನು ಬಿಟ್ಟು ಎಕ್ಸ್-ರೇ ಅಲೆಯ ಬಾಗುವಿಕೆಯನ್ನು ಗಮನಿಸುವ ಫೇಸ್-ಕಾಂಟ್ರಾಸ್ಟ್ ವಿಧಾನದಲ್ಲಿ ಹಗುರ ವಸ್ತುಗಳೂ ಮೂಡುತ್ತವೆ. ಸಿಂಕ್ರೊಟ್ರಾನ್ ಬೆಳಕಿನಲ್ಲಿ ಅದು ಚೆನ್ನಾಗಿ ನಡೆಯುತ್ತದೆ. ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ ಅವರ ಹೆಸರು ಹೊತ್ತ ಇಂದೋರಿನ ಕೇಂದ್ರದಲ್ಲಿರುವ ಇಂಡಸ್-2ರಲ್ಲಿ ಚಿತ್ರಣಕ್ಕೆಂದೇ ಒಂದು ಕಿರಣರೇಖೆ ಇದೆ. ಬೆಳಕಿನ ಸೂಕ್ಷ್ಮದರ್ಶಕಗಳೂ ಇವೆ. ಕನ್‌ಫೋಕಲ್ ಯಂತ್ರ ಒದ್ದೆ ಸಾರುವೆಯನ್ನು ಅದರ ಮೇಲಿನ ಜೀವಂತ ಕೋಶಗಳ ಸಮೇತ ತೋರಿಸಬಲ್ಲದು. ಆದರೆ ಬೆಳಕು ಚದುರುವ ವಸ್ತುವಿನಲ್ಲಿ ಕೆಲವು ನೂರು ಮೈಕ್ರಾನಿಗಿಂತ ಆಳಕ್ಕೆ ಅದರ ನೋಟ ಹೋಗದು. 1990ರಲ್ಲಿ ಬಂದ ಎರಡು-ಫೋಟಾನ್ ವಿಧಾನ ಇನ್ನಷ್ಟು ಆಳಕ್ಕೆ ಇಳಿಯುತ್ತದೆ. ಅಂಥ ಯಂತ್ರದಲ್ಲಿ ಕೊಲ್ಯಾಜೆನ್ ಎಳೆಗಳು ಯಾವ ಬಣ್ಣವನ್ನೂ ಹಾಕದೆ ತಾವೇ ಸಂಕೇತ ಕೊಡುತ್ತವೆ. ಯಾವ ಒಂದು ಯಂತ್ರವೂ ಪೂರ್ತಿ ಉತ್ತರ ಕೊಡದು ಎಂದಮೇಲೆ, ಒಂದು ವಿಧಾನದ ಮಾತನ್ನು ಇನ್ನೊಂದರಿಂದ ಒರೆಗೆ ಹಚ್ಚಲೇಬೇಕು. ಪಾಲಿಮರ್ ಸಾರುವೆಗಳ ಸೂಕ್ಷ್ಮರಚನೆಯ ಪರೀಕ್ಷೆಗಾಗಿ ಅಮೆರಿಕದ ಎಎಸ್‌ಟಿಎಂ ಸಂಸ್ಥೆ ಹೊರತಂದಿರುವ ಎಫ್‌2450 ಮಾರ್ಗದರ್ಶಿ ಹಲವು ವಿಧಾನಗಳನ್ನು ಅಕ್ಕಪಕ್ಕ ಇಟ್ಟಿರುವುದೂ ಇದಕ್ಕೇ.

ಇದಕ್ಕೆ ಎದುರಾಗಿ ಬರುವ ಮಾತುಗಳನ್ನು ಗೌರವದಿಂದಲೇ ಕೇಳಬೇಕು. ‘ಕೊನೆಗೆ ತೀರ್ಪು ಕೊಡುವುದು ಜೀವಕೋಶ. ಕೋಶ ಬೆಳೆದರೆ ಸಾರುವೆ ಸರಿಯಿದೆ, ಇಲ್ಲವಾದರೆ ಇಲ್ಲ. ರಂಧ್ರದ ಲೆಕ್ಕಕ್ಕೆ ಇಷ್ಟು ತಲೆಕೆಡಿಸಿಕೊಳ್ಳಬೇಕೇ?’ ಎಂಬುದು ಒಂದು. ತೀರ್ಪು ಕೋಶದ್ದೇ, ಒಪ್ಪೋಣ. ಆದರೆ ಕೋಶ ಕಾರಣ ಹೇಳುವುದಿಲ್ಲ. ಒಂದು ಸಾರುವೆ ಸೋತಾಗ, ರಂಧ್ರ ಕಿರಿದಾಗಿತ್ತೋ, ಕಂಡಿ ಮುಚ್ಚಿತ್ತೋ, ವಸ್ತುವೇ ಒಗ್ಗಲಿಲ್ಲವೋ ಎಂದು ತಿಳಿಯಲು ರಚನೆಯ ನಂಬಲರ್ಹ ಅಳತೆ ಬೇಕು. ಅದಿಲ್ಲದೆ ಮುಂದಿನ ಪ್ರಯೋಗ ಕತ್ತಲಲ್ಲಿ ತಡಕಾಟವಾಗುತ್ತದೆ, ಅದಕ್ಕೆ ಪ್ರಾಣಿಗಳ ಜೀವವೂ ವೆಚ್ಚವಾಗುತ್ತದೆ. ಗೆದ್ದಾಗಲೂ ಅಷ್ಟೇ. ಗೆದ್ದ ರಚನೆಯ ಅಳತೆ ಗೊತ್ತಿಲ್ಲದಿದ್ದರೆ ಇನ್ನೊಬ್ಬರು ಅದನ್ನು ಮತ್ತೆ ಮಾಡಲಾರರು.

ಎರಡನೆಯ ಮಾತು ಹಣದ್ದು. ಮೈಕ್ರೊ-ಸಿಟಿ ದುಬಾರಿ ಯಂತ್ರ. ಜಿಲ್ಲಾ ಕೇಂದ್ರದ ಕಾಲೇಜಿನ ಸಂಶೋಧಕಿಗೆ ಅದು ಎಲ್ಲಿ ಸಿಗಬೇಕು? ನಿಜವಾದ ಕಷ್ಟವಿದು. ಆದರೆ ಪರಿಹಾರದ ಒಂದು ಹೆಜ್ಜೆ ನಮ್ಮ ಪಕ್ಕದಲ್ಲೇ ಇಟ್ಟಾಗಿದೆ. 2020ರ ಜನವರಿಯಲ್ಲಿ ಜಿಕೆವಿಕೆ ಆವರಣದಲ್ಲಿ ನಡೆದ 107ನೇ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಐ-ಸ್ಟೆಮ್ ಎಂಬ ಜಾಲತಾಣ ಉದ್ಘಾಟನೆಯಾಯಿತು. ಸರ್ಕಾರಿ ಹಣದಿಂದ ಕೊಂಡ ಸಂಶೋಧನಾ ಉಪಕರಣಗಳು ದೇಶದಲ್ಲಿ ಎಲ್ಲೆಲ್ಲಿವೆ ಎಂದು ತೋರಿಸಿ, ಹೊರಗಿನವರೂ ಕಾಯ್ದಿರಿಸಿ ಬಳಸುವಂತೆ ಮಾಡುವುದು ಅದರ ಉದ್ದೇಶ. ಯಂತ್ರ ಹಂಚಿಕೊಳ್ಳಬಹುದು ಎಂದು ಒಪ್ಪಿದ ಮೇಲೆ ಯಂತ್ರ ತೆಗೆದ ಮೂಲ ಚಿತ್ರಗಳನ್ನೂ ಹಂಚಿಕೊಳ್ಳಬಹುದು ಎಂಬುದು ದೂರದ ಮಾತಲ್ಲ.

ಮೂರನೆಯದು ಈಚಿನದು: ಇನ್ನು ಕೃತಕ ಬುದ್ಧಿಮತ್ತೆಯೇ ಗೋಡೆಯನ್ನೂ ರಂಧ್ರವನ್ನೂ ವಿಂಗಡಿಸುತ್ತದೆ, ಮನುಷ್ಯನ ಆಯ್ಕೆಯ ಮಾತೇ ಬರುವುದಿಲ್ಲ ಎಂಬುದು. ಆದರೆ ಅಂಥ ತಂತ್ರಾಂಶಕ್ಕೆ ಪಾಠವಾಗುವುದು ಯಾರೋ ಕುಳಿತು ಇದು ಗೋಡೆ, ಇದು ರಂಧ್ರ ಎಂದು ಮೊದಲೇ ಗುರುತು ಹಾಕಿದ ಚಿತ್ರಗಳು. ಆಯ್ಕೆ ಮಾಯವಾಗುವುದಿಲ್ಲ, ಕಣ್ಣಿಗೆ ಕಾಣದಷ್ಟು ಒಳಕ್ಕೆ ಹೋಗುತ್ತದೆ. ಆದ್ದರಿಂದ ಬಯಲಿಗಿಡುವ ಅಗತ್ಯ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗದು.

ಇದೆಲ್ಲ ಬರೀ ಪ್ರಯೋಗಾಲಯದ ಶಿಸ್ತಿನ ಮಾತೆಂದು ತೋರಬಹುದು. ಹಾಗಲ್ಲ ಎಂಬುದಕ್ಕೆ ಒಂದು ನಿದರ್ಶನವಿದೆ. 2011ರಲ್ಲಿ ಸ್ವೀಡನ್ನಿನ ಕರೋಲಿನ್ಸ್ಕಾ ಆಸ್ಪತ್ರೆಯಲ್ಲಿ ಪಾವೊಲೊ ಮಕ್ಕಿಯಾರಿನಿ ಎಂಬ ಶಸ್ತ್ರವೈದ್ಯ ಪ್ಲಾಸ್ಟಿಕ್ ಸಾರುವೆಯ ಮೇಲೆ ರೋಗಿಯದೇ ಕಾಂಡಕೋಶಗಳನ್ನು ಬಿತ್ತಿ, ಅದನ್ನು ಶ್ವಾಸನಾಳವಾಗಿ ಕೂರಿಸಿದರು. ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅದು ಯಶಸ್ಸೆಂದು ಪ್ರಕಟವಾಯಿತು. ಸ್ವೀಡನ್ನಿನಲ್ಲಿ ಆ ಚಿಕಿತ್ಸೆ ಪಡೆದ ಮೂವರೂ ಕೆಲವು ವರ್ಷಗಳೊಳಗೆ ತೀರಿಕೊಂಡರು. 2018ರಲ್ಲಿ ಪತ್ರಿಕೆ ಲೇಖನವನ್ನು ಹಿಂತೆಗೆದುಕೊಂಡಿತು. 2023ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಅವರಿಗೆ ಎರಡೂವರೆ ವರ್ಷದ ಸೆರೆವಾಸ ವಿಧಿಸಿತು. ಅಲ್ಲಿ ಕೆಟ್ಟದ್ದು ಚಿತ್ರಣವೊಂದೇ ಅಲ್ಲ. ಮನುಷ್ಯರಿಗಿಂತ ಮೊದಲು ಆಗಬೇಕಿದ್ದ ಪ್ರಾಣಿಪ್ರಯೋಗಗಳೇ ಸರಿಯಾಗಿ ಆಗಿರಲಿಲ್ಲ. ಆದರೆ ನಾವು ಕಲಿಯಬೇಕಾದ ಪಾಠ ಒಂದೇ: ಸಾರುವೆ ಹೊಸ ಅಂಗಾಂಶದಿಂದ ಮುಚ್ಚಿಕೊಂಡಿದೆ ಎಂಬ ಮಾತನ್ನು ಹೊರಗಿನವರು ಮೂಲ ದಾಖಲೆ ತೆರೆದು ಪರೀಕ್ಷಿಸುವಂತಿರಬೇಕು, ಅದೂ ರೋಗಿಯನ್ನು ಮೇಜಿನ ಮೇಲೆ ಮಲಗಿಸುವ ಮೊದಲೇ.

ಹಾಗೆ ಬಯಲಲ್ಲಿಟ್ಟು ನಡೆಸಿದ ವಿಜ್ಞಾನ ಏನು ಕೊಡಬಲ್ಲದು ಎಂಬುದಕ್ಕೆ ಕೊಲ್ಯಾಜೆನ್ನಿನ ಕಥೆಯೇ ಸಾಕ್ಷಿ. ರಾಮಚಂದ್ರನ್ನರ ಮಾದರಿಯಲ್ಲಿ ಕೆಲವು ಪರಮಾಣುಗಳು ಅತಿ ಹತ್ತಿರ ಬಂದಿವೆ ಎಂದು ರಿಚ್ ಮತ್ತು ಕ್ರಿಕ್ 1955ರಲ್ಲಿ ಆಕ್ಷೇಪಿಸಿದರು. ಎರಡೂ ಕಡೆಯವರ ಮುಂದಿದ್ದದ್ದು ಅದೇ ಕೊಲ್ಯಾಜೆನ್ನಿನ ಎಕ್ಸ್-ರೇ ಚಿತ್ರಗಳು. ಜಗಳ ಇದ್ದದ್ದು ಅವನ್ನು ಅರ್ಥ ಮಾಡುವ ಅಳತೆಗೋಲಿನಲ್ಲಿ. ರಾಮಚಂದ್ರನ್ ಮತ್ತು ಸಂಗಡಿಗರು, ಪರಮಾಣುಗಳು ಎಷ್ಟು ಹತ್ತಿರ ಬರಬಹುದು ಎಂಬುದನ್ನು ಪ್ರಕಟವಾದ ಹರಳಿನ ರಚನೆಗಳಿಂದಲೇ ಸಂಗ್ರಹಿಸಿ ಎಲ್ಲರ ಮುಂದಿಟ್ಟರು. ಅದರಿಂದ 1963ರಲ್ಲಿ ಹುಟ್ಟಿದ್ದು ಇಂದು ಪ್ರೋಟೀನು ರಚನೆಯ ಪಠ್ಯಗಳಲ್ಲೆಲ್ಲ ಇರುವ ರಾಮಚಂದ್ರನ್ ನಕ್ಷೆ. 1971ರಲ್ಲಿ ಏಳು ರಚನೆಗಳೊಂದಿಗೆ ಪ್ರೋಟೀನ್ ಡೇಟಾ ಬ್ಯಾಂಕ್ ಆರಂಭವಾಯಿತು. ಪ್ರೋಟೀನಿನ ರಚನೆ ಕಂಡುಹಿಡಿದೆ ಎನ್ನುವವರು ಪರಮಾಣುಗಳ ಸ್ಥಾನಗಳನ್ನು ಅಲ್ಲಿ ಸಲ್ಲಿಸುವುದು ಕ್ರಮೇಣ ಕಡ್ಡಾಯವಾಯಿತು. ಸಲ್ಲಿಸಿದ್ದನ್ನು ಪರೀಕ್ಷಿಸುವ ಸಾಧನಗಳಲ್ಲಿ ಒಂದು ಅದೇ ನಕ್ಷೆ. ಒಂದು ಕ್ಷೇತ್ರ ‘ನನ್ನ ಚಿತ್ರ ನಂಬಿ’ ಎನ್ನುವಲ್ಲಿಂದ ‘ನನ್ನ ದತ್ತಾಂಶ ಪರೀಕ್ಷಿಸಿ’ ಎನ್ನುವಲ್ಲಿಗೆ ದಾಟಿದ ದಾರಿಯಿದು. ಅದರಲ್ಲಿ ರಾಮಚಂದ್ರನ್ ಮದ್ರಾಸಿನಲ್ಲಿದ್ದಾಗ ಮಾಡಿದ ಕೆಲಸದ ಪಾಲು ದೊಡ್ಡದು.

ಸಾರುವೆಯ ವಿಜ್ಞಾನವೂ ಈ ದಾಟುವಿಕೆಯನ್ನು ಮಾಡಬೇಕು. ಅದಕ್ಕೆ ಬೇಕಾದ್ದು ನಾಲ್ಕೇ ನಿಯಮ. ಚಿತ್ರ ತೆಗೆಯುವಾಗ ವಸ್ತು ಒದ್ದೆಯೋ ಒಣವೋ, ಒಣಗಿಸಿದ್ದು ಹೇಗೆ ಎಂದು ಚಿತ್ರದ ಅಡಿಯಲ್ಲೇ ಬರೆಯುವುದು. ವಾಕ್ಸೆಲ್ಲಿನ ಅಳತೆ, ಶೋಧಕ, ಗಡಿಯ ಸೂತ್ರಗಳ ಜೊತೆಗೆ ಗಡಿ ಸರಿಸಿದರೆ ಉತ್ತರ ಎಷ್ಟು ಬದಲಾಗುತ್ತದೆ ಎಂಬುದನ್ನೂ ಕೊಡುವುದು. ರಂಧ್ರದ ಅಗಲದ ಪಕ್ಕದಲ್ಲಿ ಕಂಡಿಯ ಅಗಲವನ್ನೂ ಹೇಳುವುದು. ಮೂಲ ಚಿತ್ರಗಳ ಪೂರ್ತಿ ಕಟ್ಟನ್ನು ಯಾರು ಬೇಕಾದರೂ ಇಳಿಸಿಕೊಂಡು ಮರುಲೆಕ್ಕ ಹಾಕುವಂತೆ ಇಡುವುದು. ಅನುದಾನ ಕೊಡುವ ಕೇಂದ್ರ ಮತ್ತು ರಾಜ್ಯ ಇಲಾಖೆಗಳು ಇವನ್ನು ಷರತ್ತಾಗಿ ಹಾಕಬೇಕು. ಹೊಸ ಯಂತ್ರಕ್ಕೆ ಕೊಡುವ ಹಣದಲ್ಲಿ ಒಂದು ಪಾಲನ್ನು ಅದು ತೆಗೆಯುವ ಚಿತ್ರಗಳನ್ನು ಕಾಪಾಡಿ ಇಡುವುದಕ್ಕೆ ಮೀಸಲಿಡಬೇಕು.

ಶಿಡ್ಲಘಟ್ಟದ ಗೂಡಿನ ಪ್ರೋಟೀನು ಮುಂದೊಂದು ದಿನ ಸುಟ್ಟ ಚರ್ಮಕ್ಕೋ ಮುರಿದ ಮೂಳೆಗೋ ಆಸರೆಯಾದರೆ, ಅದನ್ನು ಮೊದಲು ಪಡೆಯುವವರಲ್ಲಿ ಸರ್ಕಾರಿ ಆಸ್ಪತ್ರೆಯ ಬಡ ರೋಗಿಗಳೂ ಇರುತ್ತಾರೆ. ಸೂಕ್ಷ್ಮದರ್ಶಕದ ಚಿತ್ರ ಓದುವ ಶಿಕ್ಷಣ ಅವರಿಗಿಲ್ಲ, ಇರಬೇಕಾಗಿಯೂ ಇಲ್ಲ. ಅವರ ಪರವಾಗಿ ಓದಬಲ್ಲ ಇನ್ನೊಬ್ಬ ವಿಜ್ಞಾನಿ, ಇನ್ನೊಬ್ಬ ವೈದ್ಯೆ, ಬೇರೊಂದು ಊರಿನ ವಿದ್ಯಾರ್ಥಿ ಇದ್ದಾರೆ. ಓದಲು ಬೇಕಾದದ್ದನ್ನು ಅವರ ಕೈಗೆ ಕೊಡುವುದು ಸಂಶೋಧಕರು ತೋರುವ ಔದಾರ್ಯವಲ್ಲ, ಅವರು ಸಲ್ಲಿಸಬೇಕಾದ ಲೆಕ್ಕ.